ವಸಂತಿಯಕ್ಕ ಕೇಳಿದ್ದರು

ವಸಂತಿಯಕ್ಕ, ನಾನು ನಿಮಗೆ ಹೇಳಿರಲಿಲ್ಲ. ಆ ಆಟ ಮಕ್ಕಳಿಗಲ್ಲ ಎಂದು ನಿಮ್ಮನ್ನು ಮೊದಲೇ ಎಚ್ಚರಿಸಿದ್ದೆ ಅಂತ ತುಂಬಿದ ಸಭೆಯಲ್ಲಿ ನಿಂತು ಹೇಳಿದೆನಲ್ಲ — ಅದು ಸುಳ್ಳು. ನೀವು ಕೇಳಿದ್ದಿರಿ. ತಾಯಿಯಾದವಳು ಏನೇನು ಕೇಳಬೇಕೋ ಅದನ್ನೆಲ್ಲ ಕೇಳಿದ್ದಿರಿ. ಬಾಯಿಬಿಟ್ಟು ಸುಳ್ಳು ಹೇಳಿದವನು ನಾನು.

ಓದುವ ಬೇರೆಯವರಿಗಾಗಿ ಮೊದಲಿನಿಂದ ಹೇಳಬೇಕು. ಘೋಡಬಂದರ್ ರಸ್ತೆಯ ಒಂದು ಮಾಲ್‌ನ ನೆಲಮಾಳಿಗೆಯಲ್ಲಿ ನನ್ನದೊಂದು ವಿಡಿಯೊ ಗೇಮ್ ಅಂಗಡಿಯಿತ್ತು. ಊರಿನಿಂದ ಈ ಮರಾಠಿ ನಾಡಿಗೆ ಬಂದು ಮಾಜಿವಾಡಾದಲ್ಲಿ ಸೋದರಮಾವನ ಹೋಟೆಲಿನ ಗಲ್ಲಾಪೆಟ್ಟಿಗೆ ಕಾದು ಕಾದು ಬೇಸತ್ತು ನಾನೇ ಹಾಕಿದ ಅಂಗಡಿ ಅದು. ಅದೇ ಹೋಟೆಲಿನ ಮ್ಯಾನೇಜರ್ ಜಯರಾಮಣ್ಣ. ವಸಂತಿಯಕ್ಕ ಅವರ ಹೆಂಡತಿ, ಉಡುಪಿ ಕಡೆಯವರು. ಅವರ ಒಬ್ಬನೇ ಮಗ ನಿಹಾಲ್ ಆಗ ಐದನೆಯ ತರಗತಿಯಲ್ಲಿದ್ದ.

ಅವನ ಹುಟ್ಟುಹಬ್ಬಕ್ಕೆಂದು ತಾಯಿ ಮಗ ಇಬ್ಬರೂ ಬಂದರು. ಹುಡುಗ ನೇರವಾಗಿ ಹೋಗಿ ತನಗೆ ಬೇಕಾದ ಡಬ್ಬಿಯನ್ನು ತಂದು ನನ್ನ ಮುಂದಿಟ್ಟ. ಅಕ್ಕ ಅದನ್ನು ತಿರುವಿ ತಿರುವಿ ನೋಡಿದರು. ಮೇಲಿದ್ದ ಚಿತ್ರ ಅವರಿಗೆ ಹಿಡಿಸಲಿಲ್ಲ.

“ಇದರ ಮೇಲೆ ಬಂದೂಕೆಲ್ಲ ಉಂಟಲ್ಲ. ಇವನ ಪ್ರಾಯಕ್ಕೆ ಆಗ್ತದಾ? ನನಗೆ ಈ ಇಂಗ್ಲಿಷ್ ಎಲ್ಲ ಗೊತ್ತಾಗುದಿಲ್ಲ. ನೀವು ನಮ್ಮವರು, ನೀವೇ ಹೇಳಿ.”

“ಆಗ್ತದೆ ಅಕ್ಕ,” ಎಂದೆ. “ಕಾರು ಓಡಿಸುವ ಆಟ. ಎಲ್ಲ ಮಕ್ಕಳೂ ಆಡ್ತಾರೆ.”

ಆ ಡಬ್ಬಿಯ ಮೂಲೆಯಲ್ಲಿ ಆಡುವವರ ವಯಸ್ಸು ಸೂಚಿಸುವ ಹದಿನೆಂಟು ಎಂಬ ಅಂಕಿ ದೊಡ್ಡದಾಗಿಯೇ ಅಚ್ಚಾಗಿತ್ತು. ಅಂಥ ಡಬ್ಬಿಗಳಿಗೆಲ್ಲ ನಾನು ಬೆಲೆಚೀಟಿ ಅಂಟಿಸುತ್ತಿದ್ದದ್ದು ಆ ಅಂಕಿಯ ಮೇಲೇ. ಇಂಥ ಆಟಗಳನ್ನು ಮಕ್ಕಳಿಗೆ ಮಾರಬಾರದೆಂಬ ಕಾನೂನು ನಮ್ಮಲ್ಲಿರಲಿಲ್ಲ. ಸಿಗರೇಟಿಗಿತ್ತು, ಇದಕ್ಕಿರಲಿಲ್ಲ. ಯಾರೂ ಹಿಡಿಯುವುದಿಲ್ಲ ಎಂದು ಗೊತ್ತಿತ್ತು — ಗೊತ್ತಿದ್ದೇ...

ಆ ಆಟವನ್ನು ನಾನೂ ಆಡಿದ್ದೆ. ಅದರ ನಡುವೆ ಒಂದು ಕಡೆ, ಕೈಕಾಲು ಕಟ್ಟಿ ಹಾಕಿದ ಒಬ್ಬ ಮನುಷ್ಯನ ತಲೆಯನ್ನು ನೀರಿನ ತೊಟ್ಟಿಯಲ್ಲಿ ಅದುಮಬೇಕು. ಅವನು ಬೇಡಿಕೊಳ್ಳುತ್ತಾನೆ, ತನ್ನ ಮಕ್ಕಳ ಹೆಸರು ಹೇಳುತ್ತಾನೆ. ಗುಂಡಿ ಒತ್ತದಿದ್ದರೆ ಆಟ ಮುಂದಕ್ಕೆ ಹೋಗುವುದಿಲ್ಲ. ದೊಡ್ಡವನಾದ ನನಗೇ ಅಲ್ಲಿ ಬೆರಳು ಹಿಂದೆ ಸರಿದಿತ್ತು. ಅದನ್ನೇ ಆ ಮಗುವಿನ ಕೈಗೆ ಕೊಟ್ಟೆ — ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ.

ನಿಹಾಲ್ ಗುಂಡಿ ಒತ್ತಿದ. ಆಮೇಲೆ ಅವನು ತಲೆಗೆ ನೀರು ಹಾಕಿಸಿಕೊಳ್ಳಲಿಲ್ಲ. ಬಚ್ಚಲಲ್ಲಿ ಅಕ್ಕ ತಂಬಿಗೆ ಎತ್ತಿದರೆ ಸಾಕು, ಗೋಡೆಗೆ ಬೆನ್ನು ಹಚ್ಚಿ ನಡುಗುತ್ತಿದ್ದ. ನಾನೊಬ್ಬರನ್ನು ಸಾಯಿಸಿದ್ದೇನೆ, ಪೊಲೀಸರು ಬರುತ್ತಾರಾ ಎಂದು ಕೇಳುತ್ತಿದ್ದನಂತೆ. ಶಾಲೆಯಲ್ಲಿ ಮಾತು ಬಿಟ್ಟ. ಇದನ್ನೆಲ್ಲ ಜಯರಾಮಣ್ಣ ಹೋಟೆಲಿನಲ್ಲಿ ಮಾವನ ಹತ್ತಿರ ಹೇಳಿಕೊಂಡು ಅತ್ತರು. ಮಾವ ನನಗೆ ಹೇಳಿದರು. ನಾನು ಎದ್ದು ಅಂಗಡಿ ತೆರೆಯಲು ಹೋದೆ.

ಅದೇ ಮಳೆಗಾಲದಲ್ಲಿ ಅಲ್ಲಿನ ಕೆಲವು ತಂದೆತಾಯಂದಿರು ಒಂದು ಸಭೆ ಸೇರಿಸಿದರು. ದೊಡ್ಡವರ ಆಟಗಳನ್ನು ಮಕ್ಕಳಿಗೆ ಮಾರುವುದು ಅಪರಾಧವಾಗಬೇಕು, ವಯಸ್ಸು ವಿಚಾರಿಸುವ ಹೊಣೆ ಅಂಗಡಿಯವನದ್ದಾಗಬೇಕು ಎಂದು ಸರ್ಕಾರಕ್ಕೆ ಮನವಿ ಕೊಡುವ ಯೋಚನೆ ಅವರದು. ಮಾಲ್‌ನ ಅಂಗಡಿಯವರೆಲ್ಲ ಸೇರಿ ನಮ್ಮ ಪರವಾಗಿ ನೀನೇ ಮಾತಾಡು ಎಂದರು. ನಾನು ಚೆನ್ನಾಗಿ ಮಾತಾಡಿದೆ. ಕಾನೂನು ಏತಕ್ಕೆ, ಮನೆಯೊಳಗಿನ ವಿಷಯಕ್ಕೆ ಸರ್ಕಾರ ಯಾಕೆ ಬರಬೇಕು, ನಾವು ತಿಳಿಸಿಯೇ ಮಾರುತ್ತೇವೆ, ತೀರ್ಮಾನ ತಾಯಿ ತಂದೆಯದು ಎಂದೆ. ಜನ ತಲೆಯಾಡಿಸುತ್ತಿದ್ದರು.

ಆಗ ಹಿಂದಿನ ಸಾಲಿನಲ್ಲಿ ವಸಂತಿಯಕ್ಕ ಎದ್ದು ನಿಂತರು. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದವರು. ಸೆರಗಿನ ತುದಿ ಹಿಡಿದುಕೊಂಡು, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ, ತಾನು ಕೇಳಿದ್ದೆ, ಇವರು ಕಾರಿನ ಆಟ ಎಂದರು ಎಂದಷ್ಟೇ ಹೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು.

ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತು? ಅಂಗಡಿಗೆ ಕೆಟ್ಟ ಹೆಸರು ಬರುತ್ತಿತ್ತು, ಅಷ್ಟೇ. ಅಷ್ಟಕ್ಕೆ ನಾನು —

“ಇಲ್ಲ ಅಕ್ಕ. ಇದು ಮಕ್ಕಳಿಗಲ್ಲ ಅಂತ ನಾನು ಹೇಳಿದ್ದೆ. ಹುಡುಗ ಹಟ ಮಾಡ್ತಾನೆ, ಕೊಡಿ ಅಂದದ್ದು ನೀವೇ.”

ಜಯರಾಮಣ್ಣ ಪಕ್ಕದಲ್ಲೇ ಕೂತಿದ್ದರು. ಹೆಂಡತಿಯ ಮುಖವನ್ನೇ ನೋಡಿದರು, ಬೈಯಲಿಲ್ಲ. ಅಕ್ಕ ಕೂತುಬಿಟ್ಟರು. ಮನವಿಗೆ ಸಹಿ ಹಾಕಲು ಮುಂದೆ ಬಂದವರು ಬೆರಳೆಣಿಕೆಯಷ್ಟು. ಅದು ಅಲ್ಲಿಗೇ ಬಿದ್ದುಹೋಯಿತು.

ಗೊತ್ತಿದ್ದೂ ಕೊಡಿಸಿದಳು ಎಂಬ ಮಾತು ನೆಂಟರಲ್ಲೆಲ್ಲ ಹಬ್ಬಿತು. ಜಯರಾಮಣ್ಣ ಮಗನನ್ನು ಡೊಂಬಿವಲಿಯಲ್ಲಿದ್ದ ತಂಗಿಯ ಮನೆಗೆ ಕಳಿಸಿಬಿಟ್ಟರು — ಇವಳ ಕೈಯಲ್ಲಿ ಮಗು ಬೆಳೆಯುವುದು ಬೇಡ ಎಂದು.

ಅದಾದ ಮೇಲೆ ಅಕ್ಕ ಒಮ್ಮೆ ಅಂಗಡಿಗೆ ಬಂದರು. ಜಗಳಕ್ಕಲ್ಲ. ಗಿರಾಕಿಗಳು ಹೋಗುವವರೆಗೆ ಬಾಗಿಲ ಹತ್ತಿರ ಕಾದು ನಿಂತು, ತಗ್ಗಿದ ದನಿಯಲ್ಲಿ ಕೇಳಿದರು.

“ನೀವು ನಿಜವಾಗಿ ಹೇಳಿದ್ರಾ? ನನಗೆ ನೆನಪೇ ಆಗುದಿಲ್ಲ. ನಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ವಾ ಏನೋ.”

ಅಂಗಡಿಯಲ್ಲಿ ನಾವಿಬ್ಬರೇ. ಯಾರ ಭಯವೂ ಇರಲಿಲ್ಲ. ಸಭೆಯ ಸುಳ್ಳನ್ನು ಹೆದರಿ ಹೇಳಿದೆ ಎಂದಾದರೂ ಅನ್ನಬಹುದೇನೋ; ಇದಕ್ಕೆ ಆ ನೆಪವೂ ಇಲ್ಲ.

“ಹೇಳಿದ್ದೆ ಅಕ್ಕ,” ಎಂದೆ.

ಅವರು ತಲೆಯಾಡಿಸಿದರು. ಹಾಗಾದರೆ ತಪ್ಪು ನನ್ನದೇ ಎಂದು ಹೇಳಿ ಹೋದರು.

ಡಿಸ್ಕಿನ ಕಾಲ ಮುಗಿದು ಆಟಗಳೆಲ್ಲ ಮೊಬೈಲಿಗೇ ಇಳಿಯತೊಡಗಿದಾಗ ಅಂಗಡಿ ಮುಚ್ಚಿದೆ. ಮತ್ತೆ ಹೋಟೆಲ್ ಕೆಲಸಕ್ಕೇ ಸೇರಿದೆ. ಮದುವೆಯಾಯಿತು, ಮಗಳು ಹುಟ್ಟಿದಳು. ಅವಳ ತಲೆಗೆ ನೀರು ಹಾಕುವಾಗೆಲ್ಲ... ಇರಲಿ. ಅದು ನನ್ನ ಸಂಕಟ. ಇಲ್ಲಿ ಅದಕ್ಕೆ ಜಾಗವಿಲ್ಲ.

ಈ ವರ್ಷ ನಮ್ಮವರ ಒಂದು ಸಮಾರಂಭದಲ್ಲಿ ಮತ್ತೆ ಅದೇ ಮಾತು ಎದ್ದಿತು — ಇಂಥ ಆಟಗಳಿಗೆ ಕಾನೂನು ಬೇಕೋ ಬೇಡವೋ ಎಂದು. ಯಾರೋ ಎದ್ದು, ಕಾನೂನೇನು ಮಾಡೀತು, ಅಂಗಡಿಯವನು ಬೇಡವೆಂದರೂ ಮಗನಿಗೆ ಕೊಡಿಸಿದ ತಾಯಿ ನಮ್ಮಲ್ಲೇ ಇದ್ದಾಳೆ ಎಂದರು. ಯಾರೆಂದು ಎಲ್ಲರಿಗೂ ಗೊತ್ತಿತ್ತು. ಕೆಲವರು ನಕ್ಕರು. ನಾನು ಅಲ್ಲೂ ಸುಮ್ಮನೆ ಕೂತಿದ್ದೆ. ಕಾನೂನು ಬೇಕಿತ್ತು ಎಂದು ಇವತ್ತು ನನಗೆ ಸಂಶಯವಿಲ್ಲ. ಒಳ್ಳೆಯ ಅಂಗಡಿಯವನಿಗೆ ಅದು ಬೇಡವಿರಬಹುದು. ನನ್ನಂಥವನನ್ನು ತಡೆಯಲು ಭಯವೊಂದೇ ಬೇಕಿತ್ತು, ಅದೂ ಇರಲಿಲ್ಲ.

ಆಮೇಲಿನ ರಜೆಯ ದಿನ ಡೊಂಬಿವಲಿಗೆ ಹೋಗಿ ನಿಹಾಲ್‌ನನ್ನು ಕಂಡೆ. ಈಗ ಕೊರಿಯರ್ ಕಚೇರಿಯಲ್ಲಿದ್ದಾನೆ. ಎಲ್ಲ ಹೇಳಿದೆ. ಆ ಆಟ ಅವನಿಗೆ ಸರಿಯಾಗಿ ನೆನಪೇ ಇಲ್ಲ. ನೀರಿನ ಭಯ ಎಂದೋ ಹೋಗಿದೆ. ಅಮ್ಮ ಗೊತ್ತಿದ್ದೂ ಕೊಡಿಸಿದಳು ಎಂಬುದು ಮಾತ್ರ ಹೋಗಿಲ್ಲ. ಗಣೇಶ ಚೌತಿಗೊಮ್ಮೆ ಮನೆಗೆ ಹೋಗುತ್ತಾನಂತೆ, ಊಟ ಮಾಡಿ ಎದ್ದು ಬರುತ್ತಾನಂತೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಮೇಲೆ ಅವನು ಅಂದದ್ದು ಇಷ್ಟೇ: “ಮಮ್ಮಿ ಕೋ ಬೋಲೋ, ಅಂಕಲ್. ಮುಝೆ ಬೋಲ್‌ಕೆ ಅಬ್ ಕ್ಯಾ ಫಾಯ್ದಾ?” ಅಮ್ಮನಿಗೆ ಹೇಳಿ, ನನಗೆ ಹೇಳಿ ಈಗೇನು ಪ್ರಯೋಜನ ಎಂದು.

ಹಾಗೆ ನಾನು ಕೋಪರಖೈರಣೆಯ ನಿಮ್ಮ ಮನೆಗೆ ಬಂದದ್ದು, ಅಕ್ಕ. ಜಯರಾಮಣ್ಣ ಕೆಲಸಕ್ಕೆ ಹೋಗಿದ್ದರು. ನಿಮ್ಮ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಿಮ್ಮೆದುರು ಕೂತು, ಈಗ ಬರೆದದ್ದನ್ನೆಲ್ಲ ಹೇಳಿದೆ — ನೀವು ಕೇಳಿದ್ದಿರಿ, ನಾನು ಸುಳ್ಳು ಹೇಳಿದೆ, ಎರಡು ಸಲ ಹೇಳಿದೆ. ನೀವು ಬೈಯುತ್ತೀರಿ, ಅಳುತ್ತೀರಿ, ಬಾಗಿಲು ತೋರಿಸುತ್ತೀರಿ ಎಂದುಕೊಂಡಿದ್ದೆ.

ನೀವು ನನ್ನನ್ನೇ ಮರುಕದಿಂದ ನೋಡಿದಿರಿ.

“ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದು ಹೀಗೆಲ್ಲ ಹೇಳ್ತೀರಿ. ಬೇಡ. ನೀವು ಬೇಡ ಅಂದದ್ದು ನನಗೆ ಈಗ ಸರಿಯಾಗಿ ನೆನಪುಂಟು. ನಾನೇ ಕೇಳಲಿಲ್ಲ.”

ಇಲ್ಲ ಅಕ್ಕ, ಇಲ್ಲ ಎಂದೆ. ಎಷ್ಟು ಹೇಳಿದರೂ ನೀವು ತಲೆ ಅಲ್ಲಾಡಿಸುತ್ತಲೇ ಇದ್ದಿರಿ. ಆಮೇಲೆ ಎದ್ದು ಒಳಗೆ ಹೋದಿರಿ.

ಅದಕ್ಕೇ ಇದನ್ನು ನನ್ನ ಕೈಯಾರೆ ಬರೆದೆ. ಜಯರಾಮಣ್ಣನಿಗೆ ಓದಿ ಹೇಳುತ್ತೇನೆ, ಡೊಂಬಿವಲಿಯ ಮನೆಯಲ್ಲಿ ಓದಿ ಹೇಳುತ್ತೇನೆ, ಸಮಾರಂಭದಲ್ಲಿ ನಕ್ಕವರ ಮುಂದೆಯೂ ಓದುತ್ತೇನೆ. ಅವರು ನಂಬಬಹುದು. ನೀವು ನಂಬುವುದಿಲ್ಲ.

ಆ ದಿನ ಒಳಗಿನಿಂದ ನೀವು ಕಾಫಿ ತಂದಿರಿ. ಸಕ್ಕರೆ ಸಾಕಾ ಎಂದು ಕೇಳಿದಿರಿ. ಸಾಕು ಎಂದೆ. ನೀವು ನೋಡುತ್ತಿದ್ದ ಹಾಗೇ ಅದನ್ನು ಪೂರ್ತಿ ಕುಡಿದೆ.