ಕಡಲಾಚೆಯ ಅಪ್ಪಂದಿರನ್ನು ಹುಡುಕುವ ವಚನಾ

ಬೆಳಗಿನ ಏಳು ಗಂಟೆ. ನ್ಯೂಜಿಲೆಂಡಿನ ಮನುಕಾವ್‌ನ ಕಚೇರಿಯೊಂದರ ಮೂರನೇ ಮಹಡಿಯಲ್ಲಿ ಇನ್ನೂ ಅರ್ಧ ದೀಪ ಹೊತ್ತಿಲ್ಲ. ಧಾರವಾಡದ ವಚನಾ ಆಗಲೇ ಮೂರನೆಯ ಕರೆಯಲ್ಲಿದ್ದಾರೆ. ಒಂಟಿ ತಾಯಂದಿರು ಕೆಲಸಕ್ಕೆ ಹೊರಡುವ ಮುನ್ನ ಮಾತಿಗೆ ಸಿಗುವ ಹೊತ್ತಿದು.

ಮಕ್ಕಳ ಜೀವನಾಂಶ ವಿಭಾಗದಲ್ಲಿ ಅವರದು ಹನ್ನೊಂದು ವರ್ಷದ ಗುಮಾಸ್ತಿಕೆ. ತಂದೆ ಆಸ್ಟ್ರೇಲಿಯಾ ಸೇರಿದರೆ ಇಲ್ಲಿನ ಇಲಾಖೆ ಅಲ್ಲಿನ ಇಲಾಖೆಗೆ ಬರೆಯುತ್ತದೆ; ಅಲ್ಲಿ ಅವನ ಸಂಬಳದಿಂದಲೇ ಮಗುವಿನ ಪಾಲು ಕಡಿತವಾಗುತ್ತದೆ. ವಿಳಾಸ ಸಿಗದಿದ್ದರೆ ಕಡತ ನಿಂತುಬಿಡುತ್ತದೆ. ದಿನಕ್ಕೆ ಮೂವತ್ತು ಕಡತ, ಕರೆಗಳಲ್ಲಿ ಬೈಗುಳ. "ಬೈಸ್ಕೊಳ್ಳೂದು ಇದ್ದಿದ್ದ. ಅದನ್ನ ಮನಿಗೆ ಒಯ್ಯಂಗಿಲ್ಲ" ಎನ್ನುತ್ತಾರೆ.

ಒಂದು ಕಡತ ಮಾತ್ರ ಮನೆಗೆ ಬಂತು. ಕಳೆದ ಮಾರ್ಚ್‌ನಲ್ಲಿ ಪರದೆಯ ಮೇಲೆ ಕಂಡ ಹೆಸರು ಸ್ವಂತ ತಮ್ಮನದು. ಹೆಂಡತಿ ನಿಶಾ ಮತ್ತು ಏಳು ವರ್ಷದ ಮಗಳನ್ನು ಕ್ರೈಸ್ಟ್‌ಚರ್ಚ್‌ನಲ್ಲಿ ಬಿಟ್ಟು ಅವನು ಪರ್ತ್‌ಗೆ ಹೋಗಿ ವರ್ಷವಾಗಿತ್ತು. ಪರಿಚಯದವರು ಕೇಳಿದಾಗಲೆಲ್ಲ "ಪ್ರಾಜೆಕ್ಟ್ ಮ್ಯಾಲೆ ಹೋಗ್ಯಾನ" ಎಂದು ವಚನಾ ಮುಚ್ಚಿಹಾಕಿದ್ದರು. ವಿಳಾಸ ಗೊತ್ತಿಲ್ಲವೆಂದು ನಿಶಾ ಅರ್ಜಿಯಲ್ಲಿ ಬರೆದಿದ್ದಳು. ವಚನಾರಿಗೆ ಗೊತ್ತಿತ್ತು. ದೀಪಾವಳಿಗೆ ಆ ವಿಳಾಸಕ್ಕೇ ಅಂಗಿ ಕಳಿಸಿದ್ದರು.

ಸ್ವಂತ ಸಂಬಂಧಿಕರ ಕಡತವನ್ನು ನೌಕರರು ಮುಟ್ಟುವಂತಿಲ್ಲ, ಕಂಡೊಡನೆ ತಿಳಿಸಬೇಕು. ವಚನಾ ತಿಳಿಸಲಿಲ್ಲ. ಪರದೆ ಮುಚ್ಚಿ, ಶೌಚಾಲಯದ ಬಾಗಿಲು ಹಾಕಿಕೊಂಡು ಕೂತರು. ಮರುದಿನವೂ ಬಾಯಿ ಬಿಡಲಿಲ್ಲ. ಹೀಗಿರುವಾಗ ಒಂದು ಭಾನುವಾರ ಪರ್ತ್‌ನಿಂದ ಫೋನ್ ಮಾಡಿದ ತಮ್ಮ, ತನ್ನ ಹೊಸ ಕಾರಿನ ಬಣ್ಣ ವರ್ಣಿಸಿದ.

"ಮಗಳು ಹೆಂಗದಾಳ ಅಂತ ಅಂವ ಕೇಳಲಿಲ್ಲ. ನಾನರ ಎಲ್ಲಿ ಕೇಳೀನಿ ಅನ್ನಿಸ್ತು" ಎನ್ನುವಾಗ ಅವರ ಕಣ್ಣು ಕೀಬೋರ್ಡಿನ ಮೇಲಿದೆ.

ಸೋಮವಾರ ಮೇಲಧಿಕಾರಿಗೆ ಎಲ್ಲ ಹೇಳಿ ವಿಳಾಸ ಬರೆದುಕೊಟ್ಟರು. ಕಡತ ಬೇರೊಬ್ಬರ ಕೈಗೆ ಹೋಯಿತು. ವಚನಾರಿಗೆ ಲಿಖಿತ ಎಚ್ಚರಿಕೆ ಬಂತು. ಜೂನ್‌ನಿಂದ ಮಗುವಿನ ಪಾಲು ತಪ್ಪದೆ ಬರುತ್ತಿದೆ. ತಮ್ಮನ ಫೋನ್ ನಿಂತಿದೆ.

ನಿಶಾಳಿಗೆ ತಾವೇ ಕರೆಮಾಡಿ ತಪ್ಪೊಪ್ಪಿಕೊಂಡರು. ಆಕೆ ಸಿಟ್ಟಾಗಲಿಲ್ಲ. "ನಿಮಗ ಗೊತ್ತಿರ್ತದಂತ ನನಗ ಗೊತ್ತಿತ್ತಕ್ಕಾ. ಕೇಳಿದ್ರ ನೀವು ಸುಳ್ಳು ಹೇಳಬೇಕಾಗ್ತಿತ್ತಂತ ಕೇಳಲಿಲ್ಲ" ಎಂದಳು. ಬೈದಿದ್ದರೇ ಹಗುರಾಗುತ್ತಿತ್ತು ಎನ್ನುತ್ತಾರೆ ವಚನಾ.

ಮುಂದಿನ ಕರೆಯ ಕಡತ ತೆರೆಯುತ್ತಲೇ ಅವರು ಹೇಳುತ್ತಾರೆ:

"ತಮ್ಮನ್ನ ಹಿಡಿದುಕೊಟ್ಟಿ, ನಾಚಿಕಿ ಆಗಂಗಿಲ್ಲೇನು ಅಂತಾಳ ನಮ್ಮವ್ವ. ಹಿಡಿದುಕೊಟ್ಟಿದ್ದಕ್ಕ ನಾಚಿಕಿಲ್ಲ. ಹದಿನೇಳು ದಿನ ಸುಮ್ನ ಕೂತಿದ್ನಲ್ಲ, ಅದಕ್ಕ ಅದ."