ಕಮಾನಿನ ಮನೆಯ ನರ್ಸ್‌ಬಾಯಿ

ಧಾರವಾಡದಲ್ಲಿ ನಮ್ಮ ಪಕ್ಕದ್ದು ಬ್ರಿಟಿಷರ ಕಾಲದ ಮನೆ. ಎರಡು ಅಂತಸ್ತು, ಕೆಂಪು ಇಟ್ಟಿಗೆ, ಬಾಗಿಲು ಕಿಟಕಿಗಳಿಗೆಲ್ಲ ಕಮಾನು. ಅಲ್ಲಿದ್ದ ನಿವೃತ್ತ ನರ್ಸ್‌ಬಾಯಿ, ಹಳೆಯ ಮನೆಯೆಂದು ಒಳಗೆ ಬರಲು ಹಿಂಜರಿದವರಿಗೆ ಗೋಡೆಯ ಮೇಲೆ ಅಂಗೈಯಿಟ್ಟು, "ಗಟ್ಟಿ ಐತ್ರಿ, ಅಂಜಬ್ಯಾಡ್ರಿ" ಎನ್ನುತ್ತಿದ್ದರು.

ಆ ಮನೆಯ ಆಚೆಯ ಖಾಲಿ ಜಾಗದಲ್ಲಿ ಜೆಸಿಬಿ ಪಾಯ ತೋಡುತ್ತಿದ್ದ ದಿನ ಅವರ ಪಡಸಾಲೆಯ ಕಮಾನು ಉದ್ದಕ್ಕೂ ಬಿರುಕು ಬಿಟ್ಟಿತು. ಎಂಜಿನಿಯರ್ ಬಂದು ಇಟ್ಟಿಗೆಯ ಮೇಲಿನ ಗಾರೆಯ ಗಿಲಾವು ಕೆತ್ತಿ ನೋಡುವವರೆಗೂ ಬಾಯಿಯವರು ನಮ್ಮ ಕಟ್ಟೆಯ ಮೇಲೆ ನನ್ನ ಕೈ ಹಿಡಿದು ಕುಳಿತಿದ್ದರು.

ಎಂಜಿನಿಯರ್ ಹೊರಬಂದು, "ಬಿರುಕು ಬರೇ ಗಿಲಾವಿಗೆ ಬಿದ್ದೈತ್ರಿ ಅವ್ವಾರ. ಒಳಗ ಒಂದ ಇಟ್ಟಂಗಿನೂ ಸರದಿಲ್ಲ" ಎಂದರು.

ಬಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ನೀನೂ ಮುಂಜಾನಿಂದ ಏನೂ ತಿಂದಿಲ್ಲ ತಂಗಿ. ಬಾ, ಉಪ್ಪಿಟ್ಟು ಮಾಡ್ತೇನಿ" ಎಂದವರೇ, ಅದೇ ಕಮಾನಿನ ಕೆಳಗೆ ಹಾದು ಅಡುಗೆಮನೆಗೆ ನಡೆದರು.