ತಳದಲ್ಲಿ ಮಾವಿನ ಹಣ್ಣು

ಮೊನ್ನೆ ಭಾನುವಾರ ಬೆಳಿಗ್ಗೆ ನನ್ನ ಮೊಮ್ಮಗಳು ಸಿಂಚನ ಒಂದು ಗಾಜಿನ ಲೋಟ ತಂದು ನನ್ನ ಮುಂದಿಟ್ಟಳು. ತಳದಲ್ಲಿ ಮಾವಿನ ಹಣ್ಣಿನ ಹೋಳು, ಅದರ ಮೇಲೆ ಹುರಿದ ಓಟ್ಸು, ಅದರ ಮೇಲೆ ಗಟ್ಟಿ ಮೊಸರು, ಮತ್ತೆ ಓಟ್ಸು, ಮತ್ತೆ ಮೊಸರು, ನೆತ್ತಿಯ ಮೇಲೆ ನಾಲ್ಕು ದಾಳಿಂಬೆ ಕಾಳು. ಅದಕ್ಕೊಂದು ಇಂಗ್ಲಿಷ್ ಹೆಸರಿದೆಯಂತೆ. ಎರಡು ಸಲ ಹೇಳಿದಳು, ಎರಡು ಸಲವೂ ಮರೆತೆ. ಆಕೆ ಸಾಗರದ ಹೈಸ್ಕೂಲೊಂದರಲ್ಲಿ ಟೀಚರು. ರಜೆ ಸಿಕ್ಕಾಗ ತೀರ್ಥಹಳ್ಳಿಯ ನಮ್ಮ ಮನೆಗೆ ಬರುತ್ತಾಳೆ, ಬಂದಾಗಲೆಲ್ಲ ಫೋನಿನಲ್ಲಿ ನೋಡಿದ ಒಂದು ಹೊಸ ತಿಂಡಿಯನ್ನು ನನ್ನ ಮೇಲೆ ಪ್ರಯೋಗಿಸುತ್ತಾಳೆ.

ನಾನು ಚಮಚ ಎತ್ತಿದ್ದೇ ತಡ, ಗಬಕ್ಕನೆ ನನ್ನ ಕೈ ಹಿಡಿದಳು.

"ಇವತ್ತು ಕಲಸೋ ಹಾಗಿಲ್ಲ ಅಜ್ಜಿ. ಅರ್ಧ ಗಂಟೆ ಕೂತು ಜೋಡಿಸಿದೀನಿ. ನೀವು ಒಂದೇ ಸಲಕ್ಕೆ ತಿರುವಿ ಗಂಜಿ ಮಾಡಿಬಿಡ್ತೀರಿ."

"ಹೊಟ್ಟೆಯೊಳಗೆ ಹೋದ ಮೇಲೆ ಎಲ್ಲ ಒಂದೇ ಅಲ್ದನೇ?"

"ಹಾಗಾದ್ರೆ ಮುಂದಿನ ವಾರ ನನ್ನ ಜೊತೆ ಹೊನ್ನೆಮರಡಿಗೆ ಬರ್ತೀರಾ? ಶರಾವತಿ ಹಿನ್ನೀರಲ್ಲಿ ದೋಣಿ ಮೇಲೆ ಕೂರಿಸ್ತಾರೆ, ಲೈಫ್ ಜಾಕೆಟ್ ಕೊಡ್ತಾರೆ. ಅದಕ್ಕೂ ಇಲ್ಲ ಅಂತೀರಿ, ಇದಕ್ಕೂ ಇಲ್ಲ ಅಂತೀರಿ."

ಅವಳಿಗೆ ಗೊತ್ತಿರಲಿಲ್ಲ, ಅದೂ ಇದೂ ಒಂದೇ ಎಂದು. ಮೂವತ್ತು ವರ್ಷ ಹುಡುಗಿಯರಿಗೆ ವಿಜ್ಞಾನ ಕಲಿಸಿದವಳು ನಾನು. ವಸ್ತುಗಳು ನೀರಿನ ಮೇಲೆ ಯಾಕೆ ತೇಲುತ್ತವೆ ಎಂದು ಬೋರ್ಡಿನ ಮೇಲೆ ದೋಣಿ ಬರೆದು ವಿವರಿಸಿದ್ದೇನೆ. ಆದರೆ ಸಿಗಂದೂರಿಗೆ ಲಾಂಚಿನಲ್ಲಿ ಹೋಗೋಣವೆಂದು ಮನೆಯವರೆಲ್ಲ ಹೊರಟಾಗ ಮಂಡಿನೋವೆಂದು ಉಳಿದುಕೊಂಡವಳೂ ನಾನೇ. ಆಗ ನನಗಿನ್ನೂ ನಲವತ್ತು. ಮಂಡಿ ಗಟ್ಟಿಯಾಗಿತ್ತು. ಗಟ್ಟಿಯಿಲ್ಲದ್ದು ಏನೆಂದು ಹೇಳಬೇಕಾದರೆ ನಿಮ್ಮನ್ನು ಅರವತ್ತರ ದಶಕದ ನಡುವಿಗೆ, ಶರಾವತಿಗೆ ಹೊಸದಾಗಿ ಅಣೆಕಟ್ಟು ಕಟ್ಟಿದ ಕಾಲಕ್ಕೆ ಕರೆದುಕೊಂಡು ಹೋಗಬೇಕು.

ಆಗ ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಓದುತ್ತಿದ್ದೆ. ತಾಯಿಯಿಲ್ಲದ ನನಗೆ ರಜೆಯೆಂದರೆ ಹೊಳೆದಂಡೆಯ ಚಿಕ್ಕಮ್ಮನ ಮನೆ. ಚಿಕ್ಕಪ್ಪ ಗದ್ದೆ ಮಾಡುತ್ತಿದ್ದರು. ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. "ಏನ್ ಬಿಎಸ್ಸಿ, ಬಸ್ಸು ಲೇಟಾ?" ಎಂದೇ ಮಾತು ಶುರು.

ಚಿಕ್ಕಮ್ಮನ ಬೆಳಗಿನ ತಿಂಡಿಯನ್ನು ಈಗ ಸಿಂಚನ ನೋಡಬೇಕಿತ್ತು. ಚಿಕ್ಕಪ್ಪ ಸಾಗರದ ಪೇಟೆಯಿಂದ ತಂದ ಆರು ಗಾಜಿನ ಲೋಟಗಳಿದ್ದವು. ಹಿತ್ತಲ ಮರದ ಮಾವಿನ ಹಣ್ಣನ್ನು ಹೆಚ್ಚಿ ತಳಕ್ಕೆ ಹಾಕುತ್ತಿದ್ದಳು. ಅದರ ಮೇಲೆ ತೊಳೆಯದ ತೆಳು ಅವಲಕ್ಕಿ, ಅದರ ಮೇಲೆ ಕತ್ತರಿಸಿದರೆ ನಿಲ್ಲುವಂಥ ಮೊಸರು, ಮತ್ತೆ ಅವಲಕ್ಕಿ, ಮತ್ತೆ ಮೊಸರು, ಮೇಲೆ ಬೆಲ್ಲದ ಪುಡಿ. ಚಿಕ್ಕಪ್ಪ ಗದ್ದೆಗೆ ಇಳಿಯುವ ಹೊತ್ತಿಗೆ ಜೋಡಿಸಿಟ್ಟರೆ, ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ಕೆಳಗಿನ ಅವಲಕ್ಕಿ ಹಣ್ಣಿನ ರಸ ಕುಡಿದು ಮೆತ್ತಗಾಗಿರುತ್ತಿತ್ತು. ಮೇಲಿನದು ಇನ್ನೂ ಹಲ್ಲಿಗೆ ಸಿಗುತ್ತಿತ್ತು. ಮಾವು ಮುಗಿದ ಕಾಲದಲ್ಲಿ ಬಾಳೆಹಣ್ಣು.

"ಹಣ್ಣನ್ನ ಯಾಕೆ ತಳಕ್ಕೆ ಹಾಕ್ತೀಯ ಚಿಕ್ಕಮ್ಮ?" ಎಂದು ಕೇಳಿದ್ದೆ.

"ಮೇಲಿಟ್ರೆ ಅದೊಂದನ್ನೇ ಆರಿಸಿ ತಿಂದು ಎದ್ದು ಹೋಗ್ತೀಯ. ಸುಮ್ನೆ ಕೆಳಗಿಳಿ. ಸಿಗ್ತದೆ."

ಆ ಮೊಸರಿನ ಹೆಪ್ಪು ಚಿಕ್ಕಮ್ಮನಿಗೆ ಅವಳ ಅತ್ತೆಯಿಂದ ಬಂದದ್ದು. ಅತ್ತೆಗೆ ಅವರ ಅತ್ತೆಯಿಂದ. ಒಂದು ದಿನವೂ ಅದು ತಪ್ಪಿಹೋದದ್ದಿಲ್ಲ. ಹೆಪ್ಪು ಕೇಳಿ ಬಂದವರಿಗೆ ಇಲ್ಲ ಅನ್ನಬಾರದು, ಇಸಿದುಕೊಂಡವರು ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಒಂದು ಅಚ್ಚು ಬೆಲ್ಲವಾದರೂ ಹಾಕಿ ಕೊಡಬೇಕು. ಪಕ್ಕದ ಮನೆಯ ಗೌರಕ್ಕ ಮದುವೆಯಾಗಿ ಬಂದ ವಾರದಲ್ಲೇ ಹೀಗೆ ಹೆಪ್ಪು ಒಯ್ದು, ಬೆಲ್ಲ ಕೊಟ್ಟು, ಚಿಕ್ಕಮ್ಮನ ಜೀವದ ಗೆಳತಿಯಾದವಳು.

ಮುಳುಗಡೆಯ ನೋಟೀಸು ಬಂದ ಮೇಲೆ ಊರಿನವರು ಒಬ್ಬೊಬ್ಬರಾಗಿ ಮನೆ ಬಿಚ್ಚಿದರು. ಗೌರಕ್ಕನ ಮನೆಯವರು ಆಚೆ ದಡಕ್ಕೆ, ಹೊನ್ನೆಮರಡಿನ ಕಡೆ ಹೋದರು. ಚಿಕ್ಕಪ್ಪನಿಗೆ ಈಚೆ ದಡದ ಗುಡ್ಡದ ಮೇಲೆ ಜಾಗ ಸಿಕ್ಕಿತು. ಮುಳುಗುವ ಜಾಗದ ಮರಗಳನ್ನೆಲ್ಲ ಕಡಿಯುತ್ತಿದ್ದರು. ಚಿಕ್ಕಪ್ಪ ಕೊಡಲಿ ಹಿಡಿದು ಹಿತ್ತಲ ಮಾವಿನ ಮರದ ಬುಡಕ್ಕೆ ಹೋದಾಗ ಅಡ್ಡ ನಿಂತವಳು ನಾನು. ಮರದ ತುಂಬ ಕಾಯಿ ಜೋತುಬಿದ್ದಿತ್ತು.

"ಈ ವರ್ಷದ ಹಣ್ಣು ತಿಂದ ಮೇಲೆ ಕಡಿ ಚಿಕ್ಕಪ್ಪ."

"ಆಯ್ತು ಮಾರಾಯ್ತಿ. ಕಾಲೇಜಿನೋರು ಹೇಳಿದ ಮೇಲೆ ಆಯ್ತು."

ಹಣ್ಣು ತಿಂದೆವು. ಕಡಿಯುವುದಕ್ಕೆ ಪುರುಸೊತ್ತು ಸಿಗುವ ಮೊದಲೇ ಮಳೆ ಹಿಡಿಯಿತು, ಲಾರಿಯೂ ಬಂತು. ಮನೆಯ ತೊಲೆ, ಬಾಗಿಲು, ಒನಕೆ ಎಲ್ಲ ಸುಖವಾಗಿ ಹೊಸ ಜಾಗ ಮುಟ್ಟಿದವು. ಅಕ್ಕಿ ಬುಟ್ಟಿಯ ಒಳಗೆ ಭದ್ರವಾಗಿ ಹೂತಿಟ್ಟಿದ್ದ ಹೆಪ್ಪಿನ ಗಡಿಗೆ ಮಾತ್ರ ಯಾವುದೋ ಹೊಂಡದಲ್ಲಿ ಲಾರಿ ಎತ್ತಿ ಹಾಕಿದಾಗ ಒಡೆದಿತ್ತು. ಮನೆ ಬಿಚ್ಚುವಾಗ ಅಳದ ಚಿಕ್ಕಮ್ಮ ಮೊಸರು ಮೆತ್ತಿದ ಅಕ್ಕಿಯ ಮುಂದೆ ಕೂತು ಅತ್ತಳಂತೆ.

ದಸರಾ ರಜೆಗೆ ನಾನು ಹೋದಾಗಲೂ ಅವಳ ಮುಖ ಹಾಗೇ ಇತ್ತು. ಯಾರಿಂದಲೋ ತಂದ ಹೆಪ್ಪು ಹಾಕಿದರೆ ಮೊಸರು ನೂಲು ನೂಲಾಗಿ ಬರುತ್ತಿತ್ತು. ಗಾಜಿನ ಲೋಟಗಳು ಇನ್ನೂ ಹುಲ್ಲು ಸುತ್ತಿದ ಕಟ್ಟಿನೊಳಗೇ ಇದ್ದವು. "ಈ ಮನೇಲಿ ಹಾಲು ಹೆಪ್ಪಾಗಲ್ಲ ಕಣೆ. ಈ ಮನೆ ನಮ್ಗೆ ಕೂಡಿ ಬರಲ್ಲ" ಎಂದಳು. ನಾನು ಬ್ಯಾಕ್ಟೀರಿಯಾದ ಬಗ್ಗೆ ಒಂದು ಸಣ್ಣ ಪಾಠ ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ಸರಿ. ನಮ್ಮ ಬ್ಯಾಕ್ಟೀರಿಯಾ ಗೌರಿ ಮನೇಲಿದೆ. ಹೋಗಿ ತರೋಣ" ಎಂದಳು. ನನ್ನ ಓದು ಅಷ್ಟು ಬೇಗ ಯಾರಿಗೂ ಉಪಯೋಗಕ್ಕೆ ಬಂದದ್ದಿಲ್ಲ.

ಚಿಕ್ಕಪ್ಪ ಎಲ್ಲಿಂದಲೋ ಒಂದು ಸಣ್ಣ ದೋಣಿ ಕೇಳಿ ತಂದರು. ಮೂವರೂ ಹೊರಟೆವು. ಬಿಸಿಲು ಬಿದ್ದಿತ್ತು, ಗಾಳಿ ಇರಲಿಲ್ಲ, ಎದುರಿನ ದಡ ಕಣ್ಣಿಗೇ ಕಾಣುತ್ತಿತ್ತು. ಆದರೆ ದೋಣಿ ಒಮ್ಮೆ ಎಡಕ್ಕೆ ತಿರುಗಿತು, ಸ್ವಲ್ಪ ದೂರ ಹೋಗಿ ಬಲಕ್ಕೆ ತಿರುಗಿತು. ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಚಿಕ್ಕಪ್ಪ ನೀರಿನಡಿಯ ಕಾಲುದಾರಿಯ ಮೇಲೆ ಹೋಗುತ್ತಿದ್ದರು. ದಾರಿ ತಿರುಗಿದಲ್ಲಿ ಅವರೂ ತಿರುಗುತ್ತಿದ್ದರು.

"ಇದು ಗೌರಿ ಮನೆ ಗದ್ದೆ... ಇಲ್ಲಿ ಹಳ್ಳ ದಾಟೋ ಸಂಕ ಇತ್ತು... ಇದು ನಮ್ಮ ಕಣ," ಎಂದು ಹೇಳುತ್ತ ಹೇಳುತ್ತ ಹುಟ್ಟು ಹಾಕುತ್ತಿದ್ದರು.

"ಚಿಕ್ಕಪ್ಪ, ನೇರ ಹೋಗ್ಬಾರ್ದಾ?"

"ನೇರ ಹೋದ್ರೆ ಬೇರೆಯೋರ ಗದ್ದೆ ತುಳಿದಂಗೆ ಆಗ್ತದೆ ಬಿಎಸ್ಸಿ. ನೆಟ್ಟಿ ಮಾಡಿದಾರೋ ಏನೋ."

ತಮಾಷೆಗೆ ಹೇಳಿದರು. ಆದರೆ ಗದ್ದೆ ದಾಟಲಿಲ್ಲ. ನಮ್ಮ ಹಿತ್ತಲ ಹತ್ತಿರ ದೋಣಿಯ ಅಡಿಯಲ್ಲಿ ಏನೋ ಸರ್ರನೆ ಕೆರೆದಂತಾಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು, ಚಿಕ್ಕಪ್ಪ ಹುಟ್ಟು ಹಾಕುತ್ತಲೇ ಇದ್ದರು.

ಗೌರಕ್ಕ ನಮ್ಮನ್ನು ಕಂಡು ಕುಣಿದಳು. ಹಿತ್ತಾಳೆಯ ಚೆಂಬಿನ ತುಂಬ ಮೊಸರು ಹೊಯ್ದು, ಬಾಳೆಲೆ ಮುಚ್ಚಿ, ನಾರು ಕಟ್ಟಿದಳು. ಅಷ್ಟಕ್ಕೇ ಬಿಡುವವಳಲ್ಲ. ಎರಡು ಬಾಳೆಗೊನೆ, ನಾಲ್ಕು ಸಿಹಿಗುಂಬಳ ದೋಣಿಗೆ ಹೇರಿದಳು. ದೋಣಿ ಒಂದು ಗೇಣು ಕೆಳಗಿಳಿಯಿತು. ಬೋರ್ಡಿನ ಮೇಲೆ ದೋಣಿ ಬರೆಯುವಾಗಲೆಲ್ಲ ಈ ಒಂದು ಗೇಣಿನ ಹತ್ತಿರ ನನ್ನ ಸೀಮೆಸುಣ್ಣ ನಿಲ್ಲುತ್ತಿತ್ತು.

ಹಿಂದಿರುಗುವಾಗಲೂ ಅದೇ ದಾರಿ. ಅದೇ ತಿರುವುಗಳು. ಮನೆಯ ದಾರಿ ಮಾವಿನ ಮರದ ನೆರಳಿನಲ್ಲಿ ಹಾದುಹೋಗುತ್ತಿತ್ತಲ್ಲ, ಅಲ್ಲಿಗೆ ಬಂದಾಗ ದೋಣಿ ತಟ್ಟನೆ ನಿಂತಿತು. ಆಮೇಲೆ ಯಾರೋ ಅಡಿಯಿಂದ ಎತ್ತಿದ ಹಾಗೆ ಒಂದು ಮಗ್ಗುಲಿಗೆ ವಾಲಿತು. ಮಡಿಲಲ್ಲಿ ಚೆಂಬು ಇಟ್ಟುಕೊಂಡಿದ್ದ ಚಿಕ್ಕಮ್ಮ ಕೂತ ಭಂಗಿಯಲ್ಲೇ ಜಾರಿ ನೀರಿಗೆ ಹೋದಳು.

ಅವಳು ನನ್ನಿಂದ ಒಂದು ಮೊಳ ದೂರದಲ್ಲಿದ್ದಳು. ಅವಳ ಕೈ ನನ್ನ ಕಡೆಗೇ ಚಾಚಿತ್ತು. ನನ್ನ ಎರಡು ಕೈಯೂ ದೋಣಿಯ ಅಂಚನ್ನು ಹಿಡಿದಿದ್ದವು. ಬಿಡು ಎಂದು ಕೈಗೆ ಹೇಳಿದೆ, ಬಿಡಲಿಲ್ಲ. ಇದನ್ನು ಎಷ್ಟು ಸಲ ಮನಸ್ಸಿನಲ್ಲಿ ಮತ್ತೆ ನಡೆಸಿ ನೋಡಿದ್ದೇನೋ! ಪ್ರತಿ ಸಲವೂ ಈ ಸಲ ಬಿಡುತ್ತೇನೆ ಅಂದುಕೊಳ್ಳುತ್ತೇನೆ. ಪ್ರತಿ ಸಲವೂ ಬೆರಳು ಬಿಗಿಯುತ್ತವೆ. ಅವಳ ತಲೆ ಮುಳುಗಿತು. ಚೆಂಬಿನ ಮೊಸರು ನೀರಿನ ಮೇಲೆ ಬೆಳ್ಳಗೆ ಹರಡಿಕೊಂಡಿತು. ಆ ಬಿಳಿಯ ಅಡಿಯಲ್ಲಿ ಅವಳ ಹಳದಿ ಸೀರೆ ಅಲ್ಲಲ್ಲಿ ತುಂಡು ತುಂಡಾಗಿ ಕಾಣುತ್ತಿತ್ತು.

ಚಿಕ್ಕಪ್ಪ ಹುಟ್ಟನ್ನು ದೋಣಿಯೊಳಗೆ ಬಿಸಾಡಿ ಹಾರುವಷ್ಟರಲ್ಲಿ ಬಿಳುಪನ್ನು ಸೀಳಿಕೊಂಡು ಅವಳ ತಲೆ ಮೇಲೆ ಬಂತು. ಭುಜ ಬಂತು. ಎದೆಯವರೆಗೆ ಬಂದು ನಿಂತುಬಿಟ್ಟಳು, ಆ ಸಮುದ್ರದಂಥ ನೀರಿನ ನಡುವೆ.

"ನಿಂತಿದೀನಿ ಕಣೆ," ಎಂದಳು ಕೆಮ್ಮುತ್ತ. ಅವಳಿಗೇ ನಂಬಿಕೆಯಿರಲಿಲ್ಲ. "ನಾನು ನಿಂತಿದೀನಿ!"

"ಎಲ್ಲಿ ನಿಂತಿದೀಯೇ?" ಚಿಕ್ಕಪ್ಪನ ದನಿ ಒಡೆದಿತ್ತು.

"ನಮ್ಮ ಮಾವಿನ ಮರದ ಕವಲಲ್ಲಿ."

ಚಿಕ್ಕಪ್ಪನೂ ಇಳಿದು ಕೊಂಬೆ ಹುಡುಕಿ ನಿಂತರು. ಗೊನೆ, ಕುಂಬಳ ಎಲ್ಲ ನೀರಿಗೆಸೆದು ದೋಣಿಯನ್ನು ಹಗುರ ಮಾಡಿದರು. "ಬಿಎಸ್ಸಿ, ಆ ಕಡೆಗೆ ಕೂತು ಭಾರ ಕೊಡು. ಅಂಚು ಬಿಡ್ಬೇಡ," ಎಂದರು. ಬಿಡಬೇಡ ಎಂಬುದನ್ನು ಮಾತ್ರ ನಾನು ಚೆನ್ನಾಗಿ ಮಾಡಬಲ್ಲವಳಾಗಿದ್ದೆ. ಚಿಕ್ಕಮ್ಮ ಹತ್ತಿದಳು, ಚಿಕ್ಕಪ್ಪ ಹತ್ತಿದರು. ಆ ಸಲ ಚಿಕ್ಕಪ್ಪ ನೇರವಾಗಿ ದಡಕ್ಕೆ ಬಂದರು.

ವಾರ ಕಳೆದ ಮೇಲೆ ಸುದ್ದಿ ತಿಳಿದ ಗೌರಕ್ಕ ಎರಡು ಬಸ್ಸು ಬದಲಿಸಿ, ಮುಳುಗಡೆಯನ್ನು ಸುತ್ತಿ ಬಳಸಿ, ಮತ್ತೊಂದು ಪಾತ್ರೆಯಲ್ಲಿ ಹೆಪ್ಪು ಹಿಡಿದು ಬಂದಳು.

"ನನ್ನ ಚೆಂಬೆಲ್ಲಿ?" ಎಂದಳು ಬಾಗಿಲಲ್ಲೇ.

"ಮಾವಿನ ಮರಕ್ಕೆ ನೇತು ಹಾಕಿ ಬಂದೀನಿ. ಒಳಗೆ ಬೆಲ್ಲ ಹಾಕೋಕೆ ಆಗ್ಲಿಲ್ಲ ನೋಡು," ಎಂದಳು ಚಿಕ್ಕಮ್ಮ. ಆಮೇಲೆ ಇಬ್ಬರೂ ತಬ್ಬಿಕೊಂಡು ನಕ್ಕರೋ ಅತ್ತರೋ, ನಾನು ನೋಡದೆ ಹಿತ್ತಲಿಗೆ ಹೋದೆ.

ಮಾರನೆಯ ಬೆಳಿಗ್ಗೆ ಮೊಸರು ಕತ್ತರಿಸಿದರೆ ನಿಲ್ಲುವ ಹಾಗೆ ಬಂದಿತ್ತು. ಹೊಸ ಮನೆಯಲ್ಲಿ ಮೊದಲ ಸಲ ಗಾಜಿನ ಲೋಟಗಳು ಹುಲ್ಲಿನಿಂದ ಹೊರಗೆ ಬಂದವು. ತಳದಲ್ಲಿ ಬಾಳೆಹಣ್ಣು. ಗಾಜಿನೊಳಗೆ ಬಿಳಿಯ ಅಡಿಯಲ್ಲಿ ಹಳದಿ ತುಂಡುಗಳನ್ನು ಕಂಡದ್ದೇ ಗರಗರ ಕಲಸಿಬಿಟ್ಟೆ. ಕಲಸುತ್ತಲೇ ಬಾಯಿಂದ ಹೊರಟಿತು: "ನಾನು ಕೈ ಕೊಡ್ಲಿಲ್ಲ ಚಿಕ್ಕಮ್ಮ. ಮರ ಉಳಿಸಿದ್ದೂ ನಾನೇ."

ಚಿಕ್ಕಮ್ಮ ತನ್ನ ಲೋಟದಿಂದ ಕಣ್ಣೆತ್ತಲಿಲ್ಲ. "ಕೈ ಕೊಟ್ಟಿದ್ರೆ ಇಬ್ರೂ ಒಂದೇ ಕವಲಲ್ಲಿ ನಿಲ್ಬೇಕಿತ್ತು. ಜಾಗ ಎಲ್ಲಿತ್ತು? ಸುಮ್ನೆ ತಿನ್ನು."

ಚಿಕ್ಕಪ್ಪ ಲೋಟ ಕೆಳಗಿಟ್ಟು, "ಮರ ನಮ್ಮನ್ನ ನೋಡಿ ಗುರುತು ಹಿಡಿದು ನಿಲ್ಲಿಸ್ತು ಅಷ್ಟೆ. ನಾನು ಮನೆ ದಾರೀಲಿ ಹೋದೆ, ಅದು ಮನೆ ಬಂತು ಇಳೀರಿ ಅಂತು," ಎಂದರು.

ಅವರಿಬ್ಬರೂ ಅದನ್ನು ಅಲ್ಲಿಗೇ ಮುಗಿಸಿದರು. ಮುಂದಿನ ವರ್ಷ ಹೊಸ ಹಿತ್ತಲಲ್ಲಿ ಎರಡು ಮಾವಿನ ಸಸಿ ನೆಟ್ಟರು. ಮುಗಿಸಲಾರದವಳು ನಾನು. ನನ್ನ ಮದುವೆಯಾದಾಗ ಚಿಕ್ಕಮ್ಮ ಕೊಟ್ಟ ಹೆಪ್ಪು ತೀರ್ಥಹಳ್ಳಿಗೆ ಬಂತು, ಇವತ್ತಿಗೂ ನಮ್ಮ ಮನೆಯಲ್ಲಿದೆ, ಸಿಂಚನಳ ಸಾಗರದ ಬಾಡಿಗೆ ಮನೆಯ ಫ್ರಿಜ್ಜಿನಲ್ಲೂ ಒಂದು ಬಾಟಲಿಯಲ್ಲಿದೆ. ಹೆಪ್ಪನ್ನು ಇಟ್ಟುಕೊಂಡೆ, ಪದರಗಳನ್ನು ಬಿಟ್ಟೆ. ಲೋಟದಲ್ಲಿ ಏನೇ ಬರಲಿ, ಕಣ್ಣಿಗೆ ಕಾಣುವ ಮೊದಲೇ ಕಲಸುವುದು ನನ್ನ ಕೈಗೆ ರೂಢಿಯಾಯಿತು.

ಇಷ್ಟನ್ನೂ ಮೊನ್ನೆ ಸಿಂಚನಳಿಗೆ ಹೇಳಿದೆ. ನನ್ನ ಕೈಯನ್ನು ಅವಳು ಹಿಡಿದೇ ಇದ್ದಳು. ಕಥೆ ಮುಗಿದ ಮೇಲೆ ಮೆಲ್ಲನೆ ಬಿಟ್ಟು, "ಬೇಕಾದ್ರೆ ಕಲಸಿ ಅಜ್ಜಿ," ಎಂದಳು.

ನಾನು ಲೋಟವನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಈ ಸಲ ನೋಡಲು ಆಯಿತು. ಬಿಳಿಯ ಅಡಿಯಲ್ಲಿ ಹಳದಿ, ಅಲುಗದೆ, ತನ್ನ ಜಾಗದಲ್ಲಿ ಇತ್ತು. ಮೇಲಿನ ದಾಳಿಂಬೆಯಿಂದ ಶುರು ಮಾಡಿದೆ. ಮೊಸರು, ಓಟ್ಸು, ಮತ್ತೆ ಮೊಸರು. ಮೇಲಿನ ಓಟ್ಸು ಇನ್ನೂ ಹಲ್ಲಿಗೆ ಸಿಗುತ್ತಿತ್ತು, ಕೆಳಗಿನದು ಮೆತ್ತಗಾಗಿತ್ತು. ಆತುರವಿಲ್ಲದೆ ಇಳಿದೆ. ಕೊನೆಗೆ ಚಮಚಕ್ಕೆ ಏನೋ ಗಟ್ಟಿಯಾದದ್ದು ತಾಗಿತು.

"ಹೊನ್ನೆಮರಡಿಗೆ ಯಾವತ್ತು ಹೋಗೋದು ಅಂದೆ?" ಎಂದು ಕೇಳಿದೆ.

ಅವಳು ಕಣ್ಣರಳಿಸಿದಳು. "ಬರ್ತೀರಾ?"

"ವಿಚಾರಿಸಿ ನೋಡು. ನೇರ ಹೋಗೋ ದೋಣಿಯವರಿದ್ರೆ ಬರ್ತೀನಿ."

ಅವಳು ಫೋನು ತರಲು ಓಡಿದಳು. ನಾನು ಮಾವಿನ ಹೋಳನ್ನು ಬಾಯಿಗಿಟ್ಟುಕೊಂಡೆ.